ಮನೆಯಿಂದ ಮನೆಗೆ ಹೊರುವ ಮಾತು

ಧ್ಯಾನದ ಆಧಾರ: ಯಾಜಕಕಾಂಡ 19ನೆಯ ಅಧ್ಯಾಯದ 16, 17ನೆಯ ವಚನಗಳು



ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವು ಒಕ್ಕಲುಮಗನಿಗೂ ಕೂಲಿಯವನಿಗೂ ಅಂಗಡಿಯವನಿಗೂ ಸುಲಭವಾಗಿ ತಿಳಿಯತಕ್ಕ ಅಧ್ಯಾಯವಾಗಿದೆ. ಪೈರು ಕೊಯ್ಯುವಾಗ ಹೊಲದ ಅಂಚುಗಳನ್ನು ಬಡವರಿಗೋಸ್ಕರ ಬಿಡಬೇಕೆಂತಲೂ, ಕೂಲಿಯಾಳಿನ ಕೂಲಿಯನ್ನು ಮರುದಿನದ ವರೆಗೆ ಹಿಡಿದುಕೊಳ್ಳಬಾರದೆಂತಲೂ, ಕುರುಡನ ದಾರಿಯಲ್ಲಿ ಅಡ್ಡಿಯನ್ನಿಡಬಾರದೆಂತಲೂ, ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಬೇಕೆಂತಲೂ ದೇವರು ಇದರಲ್ಲಿ ಅಪ್ಪಣೆಕೊಡುತ್ತಾನೆ. ಈ ಅಪ್ಪಣೆಗಳ ನಡುವೆಯೇ, ಜನರೊಳಗೆ ಚಾಡಿಗಾರನಾಗಿ ತಿರುಗಬಾರದೆಂಬ ಅಪ್ಪಣೆಯೂ ಇದೆ. ಇದನ್ನು ಚೆನ್ನಾಗಿ ಗಮನಿಸಿರಿ. ಒಬ್ಬನು ಕಾಳನ್ನು ಕಡಿಮೆ ಅಳೆದುಕೊಟ್ಟರೆ ನಾವು ಅವನನ್ನು ಮೋಸಗಾರನೆನ್ನುತ್ತೇವೆ. ಕೂಲಿಯನ್ನು ಕೊಡದವನನ್ನು ಅನ್ಯಾಯಗಾರನೆನ್ನುತ್ತೇವೆ. ಆದರೆ ನೆರೆಯವನ ಹೆಸರನ್ನು ಕಡಿಮೆ ಅಳೆಯುವವನು ನಮ್ಮ ಮನೆಗೆ ಬಂದರೆ, ಅವನನ್ನು ಜಗಲಿಯ ಮೇಲೆ ಕೂಡ್ರಿಸಿ, ಎಲೆಯಡಿಕೆಯನ್ನು ಕೊಟ್ಟು, ಆಮೇಲೆ ಏನಾಯಿತೆಂದು ಕೇಳುತ್ತೇವೆ.

ದೇವರಾದರೋ ಹಾಗೆ ಎಣಿಸುವುದಿಲ್ಲ. ಮೋಸದ ತಕ್ಕಡಿಯನ್ನು ಹಗೆಮಾಡುವ ಆತನೇ ಚಾಡಿಗಾರನ ತಿರುಗಾಟವನ್ನೂ ಹಗೆಮಾಡುತ್ತಾನೆ. ಆದಕಾರಣ ಈ ಪಾಪವು ಎಂಥದು, ಅದು ಮಾಡುವ ಕೇಡೇನು, ಅದನ್ನು ಮುಚ್ಚುವದಕ್ಕೆ ನಾವು ಹೇಳುವ ನೆವಗಳೇನು, ಅದಕ್ಕೆ ಕರ್ತನು ಕೊಟ್ಟಿರುವ ಔಷಧವೇನು ಎಂಬದನ್ನು ಕ್ರಮವಾಗಿ ಆಲೋಚಿಸೋಣ.

ಮೊದಲನೆಯದಾಗಿ, ಈ ಪಾಪವು ಎಂಥದೆಂದು ನೋಡೋಣ. ಇಬ್ರಿಯ ಭಾಷೆಯಲ್ಲಿ ಚಾಡಿಗಾರನಿಗಿರುವ ಹೆಸರೂ ಊರೂರು ತಿರುಗುವ ವ್ಯಾಪಾರಿಗಿರುವ ಹೆಸರೂ ಒಂದೇ ಧಾತುವಿನಿಂದ ಬಂದವೆಂದು ಆ ಭಾಷೆಯನ್ನು ಬಲ್ಲವರು ಹೇಳುತ್ತಾರೆ. ಈ ಹೋಲಿಕೆಯು ಎಷ್ಟು ಸರಿಯಾದದ್ದು! ತಲೆಯ ಮೇಲೆ ಹೊರೆಯನ್ನಿಟ್ಟುಕೊಂಡು ಬರುವ ವ್ಯಾಪಾರಿಯು ಒಂದು ಕಡೆಯಲ್ಲಿ ಕೊಂಡದ್ದನ್ನು ಮತ್ತೊಂದು ಕಡೆಯಲ್ಲಿ ಮಾರುತ್ತಾನೆ. ಕೊಂಡ ಬೆಲೆಗೇ ಮಾರಿದರೆ ಅವನಿಗೆ ಲಾಭವಿಲ್ಲ. ಆದದರಿಂದ ಪ್ರತಿಯೊಂದು ಬಾಗಿಲಲ್ಲಿಯೂ ಸ್ವಲ್ಪ ಹೆಚ್ಚಿಸುತ್ತಾನೆ. ಚಾಡಿಗಾರನೂ ಹಾಗೆಯೇ. ಮೊದಲನೆಯ ಮನೆಯಲ್ಲಿ ಗಂಡಹೆಂಡಿರು ಮನಸ್ತಾಪದಲ್ಲಿದ್ದರೆಂಬ ಮಾತು, ಎರಡನೆಯ ಮನೆಯಲ್ಲಿ ಜಗಳವಾಡಿದರೆಂದಾಗುತ್ತದೆ. ಮೂರನೆಯ ಮನೆಯಲ್ಲಿ ಹೊಡೆದಾಡಿದರೆಂದಾಗುತ್ತದೆ. ಊರ ಕಡೇ ಮನೆಗೆ ಮುಟ್ಟುವಾಗ ಅವಳು ತವರಿಗೆ ಹೊರಟುಹೋದಳೆಂದು ಮುಗಿಯುತ್ತದೆ. ಆ ಹೊತ್ತಿನಲ್ಲಿ ಆ ಹೆಂಡತಿಯು ತನ್ನ ಮನೆಯಲ್ಲಿ ಗಂಡನಿಗೆ ಗಂಜಿ ಬಡಿಸುತ್ತಿರುತ್ತಾಳೆ! ಹಿಂದಿನ ಕಾಲದಲ್ಲಿ ಇಂಥ ಹೊರೆಯು ಒಂದು ಹಳ್ಳಿಯಿಂದ ಮತ್ತೊಂದಕ್ಕೆ ಮುಟ್ಟುವದಕ್ಕೆ ಸಂತೆಯ ದಿನವನ್ನು ಕಾಯಬೇಕಾಗಿತ್ತು. ಈಗ ಮೊಬೈಲ್ ಫೋನಿನ ಮೇಲೆ ಬೆರಳಿಟ್ಟರೆ, ಒಲೆಯ ಮೇಲಿನ ಅನ್ನವು ಬೇಯುವಷ್ಟರೊಳಗೆ ಅದು ನೂರು ಮನೆಗಳನ್ನು ಮುಟ್ಟುತ್ತದೆ. ಹೊರೆಯು ಹಗುರವಾಯಿತು, ಪಾಪವು ಹಗುರವಾಗಲಿಲ್ಲ.

ವ್ಯಾಪಾರಕ್ಕೆ ಮಾರುವವನು ಮಾತ್ರ ಸಾಲದು, ಕೊಳ್ಳುವವನೂ ಬೇಕು. ಯಾರೂ ಕೊಳ್ಳದ ಊರಿಗೆ ವ್ಯಾಪಾರಿಯು ಎರಡನೆಯ ಸಾರಿ ಬರುವುದಿಲ್ಲ. ಹಾಗಾದರೆ ಚಾಡಿಯನ್ನು ಬಾಯಿಂದ ಆಡಿದವನು ಮಾತ್ರವಲ್ಲ, ಕಿವಿಯಿಂದ ಕೊಂಡವನೂ ಈ ವ್ಯಾಪಾರದಲ್ಲಿ ಪಾಲುಗಾರನೇ. ಕಟ್ಟಿಗೆಯಿಲ್ಲದೆ ಹೋದರೆ ಬೆಂಕಿಯು ಆರಿಹೋಗುವಂತೆ, ಚಾಡಿಗಾರನಿಲ್ಲದಲ್ಲಿ ಜಗಳವು ಅಡಗುವದೆಂದು ಜ್ಞಾನೋಕ್ತಿಗಳ ಇಪ್ಪತ್ತಾರನೆಯ ಅಧ್ಯಾಯವು ಕಲಿಸುತ್ತದೆ. ಆ ಬೆಂಕಿಯನ್ನು ಆರಿಸುವ ಅಧಿಕಾರವು ಬಹಳ ಸಾರಿ ಕೇಳುವವನ ಕೈಯಲ್ಲಿಯೇ ಇರುತ್ತದೆ.

ಎರಡನೆಯದಾಗಿ, ಇದರಿಂದಾಗುವ ಕೇಡನ್ನು ಸತ್ಯವೇದದ ಎರಡು ಚರಿತ್ರೆಗಳಿಂದ ತಿಳಿದುಕೊಳ್ಳೋಣ.

ಅರಣ್ಯಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ ಮಿರ್ಯಾಮಳೂ ಆರೋನನೂ ತಮ್ಮ ಒಡಹುಟ್ಟಿದವನಾದ ಮೋಶೆಗೆ ವಿರೋಧವಾಗಿ ಮಾತಾಡಿದರೆಂದು ಓದುತ್ತೇವೆ. ಅವರು ಮೊದಲು ಎತ್ತಿದ ಮಾತು ಅವನು ಮದುವೆಮಾಡಿಕೊಂಡ ಕೂಷ್ ದೇಶದ ಸ್ತ್ರೀಯ ವಿಷಯವಾಗಿತ್ತು. ಆದರೆ ಅದರ ಹಿಂದೆಯೇ ಒಳಗಿನ ಮಾತು ಹೊರಟಿತು: ಕರ್ತನು ಮೋಶೆಯ ಮೂಲಕ ಮಾತ್ರವೇ ಮಾತಾಡಿದನೋ, ನಮ್ಮ ಮೂಲಕವೂ ಮಾತಾಡಲಿಲ್ಲವೋ ಎಂಬದೇ ಅವರ ಎದೆಯಲ್ಲಿದ್ದ ನೋವು. ನೋಡಿರಿ, ಬಾಯಲ್ಲಿದ್ದದ್ದು ಹೆಂಡತಿಯ ವಿಷಯ, ಹೃದಯದಲ್ಲಿದ್ದದ್ದು ಸ್ಥಾನದ ಮೇಲಣ ಹೊಟ್ಟೆಕಿಚ್ಚು. ನಮ್ಮ ಸಭೆಗಳಲ್ಲಿಯೂ ಹೀಗಾಗುವದಿಲ್ಲವೋ? ಸಭಾಹಿರಿಯನ ಮಗಳ ಸೀರೆಯನ್ನು ಕುರಿತು ಮಾತಾಡುವವನಿಗೆ ಸೀರೆಯ ಚಿಂತೆಯಿಲ್ಲ. ಆ ಹಿರಿಯತನವು ತನಗೆ ಸಿಕ್ಕಲಿಲ್ಲವೆಂಬ ಚಿಂತೆಯಿದೆ.

ಮೋಶೆಯು ತನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಆದರೆ ಕರ್ತನು ಕೇಳಿದನು. ಮಿರ್ಯಾಮಳಿಗೆ ಕುಷ್ಠವು ಹತ್ತಿತು. ಆಗ, ಯಾರ ವಿರೋಧವಾಗಿ ಅವಳು ಮಾತಾಡಿದ್ದಳೋ ಅವನೇ ಅವಳಿಗೋಸ್ಕರ ದೇವರಿಗೆ ಮೊರೆಯಿಟ್ಟನು. ಆದಾಗ್ಯೂ ಅವಳು 7 ದಿವಸ ಪಾಳೆಯದ ಹೊರಗೆ ಇರಬೇಕಾಯಿತು. ಅವಳನ್ನು ತಿರುಗಿ ಸೇರಿಸಿಕೊಳ್ಳುವ ವರೆಗೂ ಜನರು ಮುಂದಕ್ಕೆ ಪ್ರಯಾಣ ಮಾಡಲಿಲ್ಲ. ಪ್ರಿಯರೇ, ವಾಗ್ದತ್ತ ದೇಶಕ್ಕೆ ಹೊರಟಿದ್ದ ಅಷ್ಟು ದೊಡ್ಡ ಜನಸಮೂಹವು ಒಂದು ವಾರ ನಿಂತ ಸ್ಥಳದಲ್ಲಿಯೇ ನಿಂತಿತು. ಅವರನ್ನು ತಡೆದದ್ದು ಸಮುದ್ರವಲ್ಲ, ಶತ್ರುವಿನ ಸೈನ್ಯವಲ್ಲ. ಒಡಹುಟ್ಟಿದವನಿಗೆ ವಿರೋಧವಾಗಿ ಆಡಿದ ಮಾತು. ನಮ್ಮ ಸಭೆಯು ಯಾಕೆ ಮುಂದಕ್ಕೆ ಹೋಗುವುದಿಲ್ಲ, ಭಾನುವಾರದ ಶಾಲೆಯು ಯಾಕೆ ಬಡವಾಯಿತು, ಯೌವನಸ್ಥರು ಯಾಕೆ ಆರಾಧನೆಗೆ ಬರುವುದಿಲ್ಲವೆಂದು ನಾವು ಕೇಳುತ್ತೇವೆ. ಭಾನುವಾರ ಆರಾಧನೆ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತಾಗ, ಅನ್ನದ ಸಂಗಡ ನಮ್ಮ ಮಕ್ಕಳಿಗೆ ನಾವು ಬಡಿಸಿದ್ದೇನೆಂದು ಮೊದಲು ಕೇಳಿಕೊಳ್ಳೋಣ. ಪ್ರಸಂಗ ಮಾಡಿದ ಉಪದೇಶಿಯ ತಪ್ಪುಗಳನ್ನೂ ಹಾಡಿದವರ ಸ್ವರವನ್ನೂ ಕಾಣಿಕೆ ಎಣಿಸಿದವರ ಕೈಯನ್ನೂ ಕುರಿತ ಮಾತುಗಳನ್ನೇ ಕೇಳುತ್ತಾ ಬೆಳೆದ ಮಗುವು, ಆ ಸಭೆಯ ಬಾಗಿಲನ್ನು ಪ್ರೀತಿಯಿಂದ ತುಳಿಯುವದು ಹೇಗೆ?

ಎರಡನೆಯ ಚರಿತ್ರೆಯು ಕೇಳುವವರಿಗೋಸ್ಕರ ಬರೆಯಲ್ಪಟ್ಟಿದೆ. ಅದು ಸಮುವೇಲನ ಎರಡನೆಯ ಪುಸ್ತಕದ ಹದಿನಾರನೆಯ ಮತ್ತು ಹತ್ತೊಂಬತ್ತನೆಯ ಅಧ್ಯಾಯಗಳಲ್ಲಿದೆ. ದಾವೀದನು ತನ್ನ ಮಗನಾದ ಅಬ್ಷಾಲೋಮನಿಗೆ ಹೆದರಿ ಯೆರೂಸಲೇಮನ್ನು ಬಿಟ್ಟು ಓಡಿಹೋಗುತ್ತಿದ್ದಾಗ, ಚೀಬನೆಂಬ ಆಳು ಅವನೆದುರಿಗೆ ಬಂದನು. ಅವನ ಕತ್ತೆಗಳ ಮೇಲೆ 200 ರೊಟ್ಟಿಗಳೂ, ಒಣದ್ರಾಕ್ಷೆಯ 100 ಗೊಂಚಲುಗಳೂ, ಬೇಸಿಗೆಯ 100 ಹಣ್ಣುಗಳೂ, ಒಂದು ತಿತ್ತಿ ದ್ರಾಕ್ಷಾರಸವೂ ಇದ್ದವು. ಅವನ ದಣಿಯಾದ ಮೆಫೀಬೋಶೆತನು ಯೋನಾತಾನನ ಮಗನು. ಎರಡು ಕಾಲುಗಳೂ ಕುಂಟಾದವನು. ದಾವೀದನ ಮೇಜಿನಲ್ಲಿ ಊಟಮಾಡುತ್ತಿದ್ದವನು. ಅವನೆಲ್ಲಿ ಎಂದು ಅರಸನು ಕೇಳಲಾಗಿ, ತನ್ನ ತಾತನ ರಾಜ್ಯವು ತನಗೆ ತಿರುಗಿ ಸಿಕ್ಕುವದೆಂಬ ಆಸೆಯಿಂದ ಅವನು ಯೆರೂಸಲೇಮಿನಲ್ಲಿಯೇ ಉಳಿದಿದ್ದಾನೆಂದು ಚೀಬನು ಹೇಳಿದನು. ದಣಿದು ಹಸಿದು ನೊಂದಿದ್ದ ಅರಸನು ಎದುರುಪಕ್ಷದ ಒಂದು ಮಾತನ್ನೂ ಕೇಳದೆ, ಮೆಫೀಬೋಶೆತನ ಆಸ್ತಿಯನ್ನೆಲ್ಲಾ ಚೀಬನಿಗೆ ಕೊಟ್ಟುಬಿಟ್ಟನು.

ಯುದ್ಧವು ತೀರಿದ ಮೇಲೆ ಮೆಫೀಬೋಶೆತನು ಅರಸನ ಮುಂದೆ ಬಂದು ನಿಂತನು. ಅರಸನು ಹೊರಟುಹೋದ ದಿನದಿಂದ ಅವನು ಕಾಲುಗಳನ್ನು ಶುದ್ಧಮಾಡಿಕೊಂಡಿರಲಿಲ್ಲ, ಗಡ್ಡವನ್ನು ತಿದ್ದಿಕೊಂಡಿರಲಿಲ್ಲ, ಬಟ್ಟೆಗಳನ್ನು ಒಗೆಸಿಕೊಂಡಿರಲಿಲ್ಲ. ಕತ್ತೆಯ ಮೇಲೆ ಕೂತು ಅರಸನ ಸಂಗಡ ಹೋಗಬೇಕೆಂದಿದ್ದ ತನ್ನನ್ನು, ಕುಂಟನಾದ ತನ್ನನ್ನು, ಆಳು ಮೋಸಗೊಳಿಸಿದನೆಂದು ಹೇಳಿದನು. ದಾವೀದನು ಏನು ಮಾಡಿದನು? ಹೊಲವನ್ನು ಇಬ್ಬರೂ ಹಂಚಿಕೊಳ್ಳಿರೆಂದನು. ಪೂರಾ ಆಸ್ತಿಯು ತಿರುಗಿ ಮೆಫೀಬೋಶೆತನ ಕೈಗೆ ಬಂತೆಂದು ಅಲ್ಲಿ ಬರೆದಿಲ್ಲ. ದೇವರ ಮನಸ್ಸಿಗೆ ಒಪ್ಪುವವನಾದ ದಾವೀದನೇ ರೊಟ್ಟಿಯ ಸಂಗಡ ಬಂದ ಚಾಡಿಯನ್ನು ನುಂಗಿದ್ದಾದರೆ, ನಾವು ಎಷ್ಟು ಎಚ್ಚರವಾಗಿರಬೇಕು! ಚಾಡಿಯು ಬರಿಗೈಯಲ್ಲಿ ಬರುವದು ಅಪರೂಪ. ಅದು ಉಪಕಾರದ ಹೊರೆಯ ಮೇಲೆ ಕೂತುಕೊಂಡು, ನಾವು ದಣಿದಿರುವ ಹೊತ್ತನ್ನು ನೋಡಿ ಬರುತ್ತದೆ. ಇನ್ನೊಂದು ಸಂಗತಿಯನ್ನೂ ನೋಡಿರಿ: ಒಡೆದ ಹೆಸರನ್ನು ಅರಸನೂ ಪೂರಾ ಕೂಡಿಸಲಾರನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಈ ಪಾಪವು ಬಾವಿಯ ಬಳಿಯಲ್ಲಿ ನಿಲ್ಲುವ ಹೆಂಗಸರದೆಂದು ಗಂಡಸರು ನಗಬಾರದು. ಚೀಬನು ಗಂಡಸು, ಕೇಳಿದ ದಾವೀದನೂ ಗಂಡಸು, ಅರಳೀಕಟ್ಟೆಯೂ ಚಹದ ಅಂಗಡಿಯೂ ಗಂಡಸರಿಂದಲೇ ತುಂಬಿರುತ್ತವೆ.

ಮೂರನೆಯದಾಗಿ, ನಮ್ಮ ನೆವಗಳನ್ನು ಪರೀಕ್ಷಿಸೋಣ. ನಾನು ಸುಳ್ಳಾಡಲಿಲ್ಲ, ನಿಜವನ್ನೇ ಹೇಳಿದೆನೆಂಬದು ಮೊದಲನೆಯ ನೆವ. ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯು ಈ ಪಾಪವನ್ನು ಕುರಿತು ಒಂದು ಪ್ರಸಂಗವನ್ನೇ ಬರೆದನು. ಎದುರಿಗಿಲ್ಲದ ಮನುಷ್ಯನ ಕೆಟ್ಟದ್ದನ್ನು ಆಡುವದೇ ಈ ಪಾಪವೆಂತಲೂ, ಆಡಿದ್ದು ನಿಜವಾಗಿದ್ದರೂ ಪಾಪವು ಪಾಪವೇ ಎಂತಲೂ ಅವನು ಅದರಲ್ಲಿ ತೋರಿಸಿದನು. ಇದು ನ್ಯಾಯವಾದ ಮಾತು. ಯಾಕಂದರೆ ಆಡಿದ್ದು ಸುಳ್ಳಾಗಿದ್ದರೆ ಅದು ಸುಳ್ಳುಸಾಕ್ಷಿಯೂ ಆಯಿತು, ಎರಡು ಪಾಪಗಳಾದವು. ನಿಜವಾಗಿದ್ದರೆ ಒಂದು ಪಾಪವು ಉಳಿಯಿತು. ನಿನ್ನ ತಪ್ಪುಗಳೂ ನಿಜವೇ ಅಲ್ಲವೋ, ಸಹೋದರನೇ? ಅವುಗಳನ್ನೆಲ್ಲಾ ಒಬ್ಬನು ಸಂತೆಯಲ್ಲಿ ನಿಂತು ಒಂದೊಂದಾಗಿ ಹೇಳಿದರೆ, ನಿಜವನ್ನೇ ಹೇಳಿದನೆಂದು ನೀನು ಸಂತೋಷಪಡುವಿಯೋ?

ಬೆಂಕಿಯಿಲ್ಲದೆ ಹೊಗೆಯಾಡುವದಿಲ್ಲವೆಂಬದು ಎರಡನೆಯ ನೆವ. ಆದರೆ ಮೆಫೀಬೋಶೆತನ ವಿಷಯದಲ್ಲಿ ಹೊಗೆಯಿತ್ತು. ಬೆಂಕಿಯನ್ನು ಹೊತ್ತಿಸಿದವನು ಚೀಬನು. ಹೊಗೆಯನ್ನು ಕಂಡವನು ಬೆಂಕಿಯು ಯಾರ ಮನೆಯದೆಂದು ಹೋಗಿ ನೋಡಬೇಕು, ನಿಂತಲ್ಲಿಂದಲೇ ಕೂಗಬಾರದು.

ಮೂರನೆಯ ನೆವವು ಎಲ್ಲಾದಕ್ಕಿಂತ ಭಕ್ತಿಯುಳ್ಳದ್ದಾಗಿ ಕಾಣಿಸುತ್ತದೆ. ಇಂಥ ಮನೆಯವರಿಗೋಸ್ಕರ ಪ್ರಾರ್ಥನೆ ಮಾಡಿರಿ, ಅವರ ಮಗನು ಹೀಗೆ ಹೀಗೆ ಮಾಡಿದ್ದಾನೆ ಎಂದು ಪ್ರಾರ್ಥನಾಕೂಟದಲ್ಲಿಯೇ ಚಾಡಿಯು ಮೊಣಕಾಲೂರುತ್ತದೆ. ದೇವರಿಗೆ ಆ ಮಗನ ಹೆಸರೂ ಗೊತ್ತು, ತಪ್ಪೂ ಗೊತ್ತು. ನಿನಗೆ ನಿಜವಾಗಿ ಪ್ರಾರ್ಥಿಸುವ ಮನಸ್ಸಿದ್ದರೆ, ಬಾಗಿಲನ್ನು ಮುಚ್ಚಿ ರಹಸ್ಯದಲ್ಲಿರುವ ತಂದೆಗೆ ಹೇಳು. ಕೇಳುವವರು ಆರು ಜನ ಬೇಕೆಂದು ತೋರಿದರೆ ಅದು ಪ್ರಾರ್ಥನೆಯಲ್ಲ.

ನಾಲ್ಕನೆಯದಾಗಿ, ಕರ್ತನು ಕೊಟ್ಟಿರುವ ಔಷಧವನ್ನು ಕೇಳಿರಿ. ಸುಮ್ಮನಿರು ಎಂಬದಷ್ಟೇ ಆ ಔಷಧವಲ್ಲ. ನಮ್ಮ ಆಧಾರವಾದ ಹದಿನೇಳನೆಯ ವಚನವು, ಸಹೋದರನನ್ನು ಹೃದಯದಲ್ಲಿ ಹಗೆಮಾಡಬಾರದೆಂದೂ ನೆರೆಯವನಿಗೆ ಅವನ ತಪ್ಪನ್ನು ತಿಳಿಸಲೇ ಬೇಕೆಂದೂ ಕಲಿಸುತ್ತದೆ. ಬಾಯನ್ನು ಮುಚ್ಚಿಕೊಂಡು ಹೃದಯದಲ್ಲಿ ಹಗೆಯನ್ನು ಸಾಕುವದು ಹೊಲದ ಕಳೆಯ ಮೇಲೆ ಮಣ್ಣೆಳೆದಂತಾಗುವದು. ಮೊದಲನೆಯ ಮಳೆಗೆ ಅದು ತಿರುಗಿ ಮೊಳೆಯುವದು. ಇದನ್ನೇ ನಮ್ಮ ರಕ್ಷಕನು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕ್ರಮಪಡಿಸಿದ್ದಾನೆ. ಸಹೋದರನು ತಪ್ಪುಮಾಡಿದರೆ ಮೊದಲು ನೀನು ಅವನ ಬಳಿಗೆ ಹೋಗು, ನೀವಿಬ್ಬರೇ ಇರುವಾಗ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು. ಇದು ಕರ್ತನ ಕ್ರಮ. ನಮ್ಮ ಕ್ರಮವೇನು? ಮೊದಲು ಊರಿಗೆ ಹೇಳುತ್ತೇವೆ, ಆಮೇಲೆ ಒಬ್ಬಿಬ್ಬರ ಸಂಗಡ ಪಕ್ಷ ಕಟ್ಟುತ್ತೇವೆ; ಅವನಿಗೆ ಮಾತ್ರ ಎಂದಿಗೂ ಹೇಳುವುದಿಲ್ಲ. ಹತ್ತು ಮನೆಗಳ ಹೊಸ್ತಿಲನ್ನು ತುಳಿದ ಕಾಲುಗಳು ಆ ಒಂದು ಹೊಸ್ತಿಲನ್ನು ತುಳಿಯುವದಿಲ್ಲ. ನಾಲಿಗೆಯ ರೋಗಕ್ಕೆ ಕರ್ತನು ಕಾಲಿಗೆ ಕೆಲಸವನ್ನು ಕೊಟ್ಟಿದ್ದಾನೆ: ನಡೆದುಹೋಗು, ಅವನ ಬಾಗಿಲಿಗೆ ಹೋಗು. ಹೀಗೆ ಹೋದವರಲ್ಲಿ ಅನೇಕರು, ತಾವು ಕೇಳಿದ್ದು ಅರ್ಧವೆಂದೂ ಉಳಿದ ಅರ್ಧವು ಆ ಬಾಗಿಲ ಒಳಗೆ ಇತ್ತೆಂದೂ ತಿಳಿದು ನಾಚಿಕೊಂಡು ಬರುತ್ತಾರೆ.

ಇದು ಆಗತಕ್ಕ ಕಾರ್ಯವೋ ಎಂದು ಕೇಳುವಿರಾದರೆ, ಇದನ್ನು ಬರಹದಲ್ಲಿ ಒಪ್ಪಿಕೊಂಡು ಸಹಿಮಾಡಿದವರು ಇದ್ದರು. ಮೇಲೆ ಹೇಳಿದ ಜಾನ್ ವೆಸ್ಲಿಯೂ ಅವನ ತಮ್ಮನಾದ ಚಾರ್ಲ್ಸ್ ವೆಸ್ಲಿಯೂ ಅವರ ಸಂಗಡ ಕೆಲವು ಪ್ರಸಂಗಿಗಳೂ 1752ನೆಯ ಇಸವಿ ಜನವರಿ ತಿಂಗಳ 29ನೆಯ ತಾರೀಖಿನಲ್ಲಿ ಒಂದು ಒಡಂಬಡಿಕೆಯನ್ನು ಮಾಡಿಕೊಂಡರು. ಅವರು ಊರೂರು ತಿರುಗಿ ಸುವಾರ್ತೆ ಸಾರುವವರಾಗಿದ್ದದರಿಂದ, ಒಬ್ಬರ ಸುದ್ದಿಯು ಮತ್ತೊಬ್ಬರ ಕಿವಿಗೆ ಬೀಳುವದಕ್ಕೆ ಬಹಳ ಅವಕಾಶವಿತ್ತು. ಆ ಒಡಂಬಡಿಕೆಯ ಸಾರಾಂಶವೇನಂದರೆ: ನಮ್ಮಲ್ಲಿ ಯಾರ ಕೆಟ್ಟದ್ದಕ್ಕೂ ಕಿವಿಗೊಡೆವು, ಅದನ್ನು ವಿಚಾರಿಸುತ್ತಲೂ ಹೋಗೆವು, ಕಿವಿಗೆ ಬಿದ್ದರೆ ಆತುರದಿಂದ ನಂಬೆವು, ಕೇಳಿದ್ದನ್ನು ಆದಷ್ಟು ಬೇಗ ಸಂಬಂಧಪಟ್ಟವನಿಗೇ ಬಾಯಿಂದಲಾಗಲಿ ಬರಹದಿಂದಲಾಗಲಿ ತಿಳಿಸುವೆವು, ಹಾಗೆ ತಿಳಿಸುವ ವರೆಗೆ ಬೇರೆ ಯಾರಿಗೂ ಒಂದಕ್ಷರವನ್ನೂ ಹೇಳೆವು, ತಿಳಿಸಿದ ಮೇಲೆಯೂ ಬೇರೆಯವರ ಮುಂದೆ ಅದನ್ನು ಎತ್ತೆವು, ಎಲ್ಲರೂ ಕೂಡಿದ ಆಲೋಚನೆಯಲ್ಲಿ ತೀರಾ ಅವಶ್ಯವೆಂದು ಕಂಡಲ್ಲದೆ ಈ ನಿಯಮಗಳನ್ನು ಮೀರೆವು ಎಂಬದೇ. ಇದೇ ವೆಸ್ಲಿಯ ಹೆಸರಿನ ಮಿಶನಿನವರು ಮೈಸೂರು ಸೀಮೆಯಲ್ಲಿ ಸಭೆಗಳನ್ನು ಕಟ್ಟಿದರು. ಆ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಕೂಡಿಕೊಂಡವು. ಆ ಮೂಲಪುರುಷನು ಮಾಡಿದ ಒಡಂಬಡಿಕೆಯನ್ನು ನಮ್ಮ ಒಂದೊಂದು ಹಳ್ಳಿಯ ಸಭೆಯ ಹಿರಿಯರೂ ಸ್ತ್ರೀಯರ ಕೂಟದವರೂ ಮಾಡಿಕೊಂಡರೆ ಎಷ್ಟು ಒಳ್ಳೇದು!

ಆದರೆ ಇಲ್ಲಿ ಯಾರೂ ತಪ್ಪಾಗಿ ತಿಳಿಯಬಾರದು. ಕೆಟ್ಟದ್ದನ್ನು ಮುಚ್ಚಿಡುವದು ಪ್ರೀತಿಯೆಂದು ಈ ಉಪದೇಶದ ಅರ್ಥವಲ್ಲ. ಕೊರಿಂಥದ ಸಭೆಯಲ್ಲಿದ್ದ ಜಗಳಗಳನ್ನು ಖ್ಲೋಯೆಯ ಮನೆಯವರು ಪೌಲನಿಗೆ ತಿಳಿಸಿದರು. ಅವರು ತಿಳಿಸಿದರೆಂದು ಪೌಲನು ಮರೆಮಾಡದೆ ಬರೆದನು. ಅವರು ಚಾಡಿಗಾರರಲ್ಲ, ಯಾಕಂದರೆ ತಿದ್ದುವ ಅಧಿಕಾರವುಳ್ಳವನಿಗೆ, ತಿದ್ದುಪಡಿಗೋಸ್ಕರವೇ ಹೇಳಿದರು. ನೆರೆಯವನ ಪ್ರಾಣಕ್ಕೆ ಅಪಾಯ ಬಂದಾಗ ಸುಮ್ಮನಿರಬಾರದೆಂಬ ಎಚ್ಚರಿಕೆಯೂ ನಮ್ಮ ಹದಿನಾರನೆಯ ವಚನದಲ್ಲಿಯೇ ಇದೆ. ಒಂದು ಮಗುವಿಗೆ ಕೇಡು ನಡೆಯುತ್ತಿದ್ದರೆ, ಒಬ್ಬ ಹೆಂಗಸು ಪೆಟ್ಟು ತಿನ್ನುತ್ತಿದ್ದರೆ, ಸಭೆಯ ಹಣವು ಕಳವಾಗುತ್ತಿದ್ದರೆ, ಹಿರಿಯರಿಗೂ ಬೇಕಾದರೆ ಸರಕಾರದವರಿಗೂ ತಿಳಿಸುವದು ಕ್ರೈಸ್ತನ ಕರ್ತವ್ಯ. ಅಂಥಲ್ಲಿ ಸಭೆಯ ಮಾನ ಹೋಗುವದೆಂದು ಬಾಯಿ ಮುಚ್ಚಿಸುವವನು ಚಾಡಿಗಾರನಿಗಿಂತ ಕಡಿಮೆ ಪಾಪಿಯಲ್ಲ. ಗುರುತು ಇದೇ: ಈ ಮಾತಿನಿಂದ ಯಾರಿಗಾದರೂ ರಕ್ಷಣೆಯಾಗುವದೋ? ತಿದ್ದಬಲ್ಲವನಿಗೆ ಹೇಳುತ್ತಿದ್ದೇನೋ? ಅವನೆದುರಿಗೂ ಇದನ್ನೇ ಹೇಳಬಲ್ಲೆನೋ? ಈ ಮೂರಕ್ಕೂ ಹೌದೆನ್ನುವವನು ಧೈರ್ಯವಾಗಿ ಹೇಳಲಿ. ಆದರೆ ಎದುರಿಗೆ ನಿಂತರೆ ಹೊಡೆಯುವವನಿಗೆ ಹೆದರುವ ಬಲಹೀನನಿಗೆ ಮೂರನೆಯ ಪ್ರಶ್ನೆಯನ್ನು ಹಾಕಬಾರದು.

ಇನ್ನು, ಈಗಾಗಲೇ ಮಾತನ್ನು ಹಂಚಿದವನು ಏನು ಮಾಡಬೇಕು? ದೇವರ ಮುಂದೆ ಅತ್ತರೆ ಸಾಲದು. ಸುಳ್ಳು ಸರಕನ್ನು ಮಾರಿದ ವ್ಯಾಪಾರಿಗೆ ಬುದ್ಧಿ ಬಂದರೆ, ಮಾರಿದ ಮನೆಗಳಿಗೆ ತಿರುಗಿ ಹೋಗಿ ಸರಕನ್ನು ಹಿಂದಕ್ಕೆ ತಕ್ಕೊಳ್ಳಬೇಕಲ್ಲವೇ. ಯಾರ ಯಾರ ಮುಂದೆ ಆಡಿದೆಯೋ ಅವರ ಬಳಿಗೆ ಹೋಗಿ, ನಾನು ಅವನಿಗೆ ಅನ್ಯಾಯ ಮಾಡಿದೆನೆಂದು ಹೇಳು. ನಾಚಿಕೆಯಾಗುವದು ನಿಜ; ಆ ನಾಚಿಕೆಯೇ ಮುಂದಿನ ಸಾರಿ ನಿನ್ನ ನಾಲಿಗೆಗೆ ಕಡಿವಾಣವಾಗುವದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಸಂಗಡ ಸಮಾಧಾನವಾಗು ಎಂಬದಾಗಿ ಕರ್ತನು ಬೆಟ್ಟದ ಪ್ರಸಂಗದಲ್ಲಿ ಕಲಿಸಿದ್ದಾನೆ. ಕರ್ತನ ಭೋಜನಕ್ಕೆ ಬರುವ ಮುಂಚೆ ಈ ಸಾಲವನ್ನು ತೀರಿಸಿರಿ.

ಕಡೆಯದಾಗಿ, ಇದರ ಬೇರು ಎಲ್ಲಿದೆಯೆಂದು ತಿಳಿಯಿರಿ. ನಾಲಿಗೆಯು ಹೃದಯದ ಆಳು. ದಣಿಯು ಬದಲಾಗದೆ ಆಳು ಬದಲಾಗದು. ಸೈತಾನನಿಗೆ ಗ್ರೀಕ್ ಭಾಷೆಯಲ್ಲಿರುವ ದಿಯಾಬೊಲೊಸ್ ಎಂಬ ಹೆಸರಿಗೆ ಚಾಡಿ ಹೇಳುವವನೆಂದು ಅರ್ಥ. ಅವನು ದೇವರ ಮುಂದೆ ಹಗಲಿರುಳು ಸಹೋದರರ ಮೇಲೆ ದೂರು ಹೇಳುವವನೆಂದು ಪ್ರಕಟನೆಯ ಹನ್ನೆರಡನೆಯ ಅಧ್ಯಾಯವು ತಿಳಿಸುತ್ತದೆ. ಅದೇ ದೇವರ ಸನ್ನಿಧಿಯಲ್ಲಿ ನಮ್ಮ ಪರವಾಗಿ ಮಾತಾಡುವ ಯೇಸು ಕ್ರಿಸ್ತನಿದ್ದಾನೆಂದು ಯೋಹಾನನ ಮೊದಲನೆಯ ಪತ್ರಿಕೆಯು ಸಾರುತ್ತದೆ. ನಮ್ಮ ತಪ್ಪುಗಳು ಸೈತಾನನಿಗೂ ಗೊತ್ತು, ಕ್ರಿಸ್ತನಿಗೂ ಗೊತ್ತು. ಒಬ್ಬನು ಅವುಗಳನ್ನು ತಿಳಿದು ದೂರುತ್ತಾನೆ. ಒಬ್ಬನು ಅವುಗಳನ್ನು ತಿಳಿದು ತನ್ನ ರಕ್ತವನ್ನು ತೋರಿಸಿ ಬೇಡಿಕೊಳ್ಳುತ್ತಾನೆ. ಪ್ರಿಯರೇ, ನೆರೆಯವನ ತಪ್ಪು ನಿಮ್ಮ ಕಿವಿಗೆ ಬಿದ್ದ ಗಳಿಗೆಯಲ್ಲಿ ಈ ಎರಡು ಕೆಲಸಗಳಲ್ಲಿ ಒಂದನ್ನು ನೀವು ಆರಿಸಿಕೊಳ್ಳುತ್ತೀರಿ. ನಡುವೆ ಮೂರನೆಯ ಕೆಲಸವಿಲ್ಲ. ನೀವು ಯಾರ ಕೂಲಿಯಾಳುಗಳು? ಕ್ರಿಸ್ತನ ಬಿಡುಗಡೆಯಿಂದ ಬದುಕುವವರು ದೂರುಗಾರನ ಹೊರೆಯನ್ನು ಹೊರಬಹುದೋ?

ನಾವು ಪ್ರಾರ್ಥಿಸೋಣ. ಕರ್ತನೇ, ನಮ್ಮ ಪಾಪಗಳನ್ನೆಲ್ಲಾ ಬಲ್ಲ ನೀನು ಅವುಗಳನ್ನು ಬೀದಿಯಲ್ಲಿ ಸಾರದೆ ನಿನ್ನ ಶಿಲುಬೆಯ ಮೇಲೆ ಹೊತ್ತುಕೊಂಡಿ. ನಮ್ಮ ಕಿವಿಗಳನ್ನು ಚಾಡಿಗೆ ಮುಚ್ಚು, ನಮ್ಮ ಕಾಲುಗಳನ್ನು ಸಹೋದರನ ಬಾಗಿಲಿಗೆ ತಿರುಗಿಸು, ನಮ್ಮ ನಾಲಿಗೆಗಳಿಗೆ ಬೇಡುವದನ್ನೂ ಹರಸುವದನ್ನೂ ಕಲಿಸು. ಆಮೆನ್.